ಮೂಕಪ್ರಾಣಿಗೆ ಸಿಹಿಗುಳಿಗೆ: ಎಲ್ಲಿಯವರೆಗೆ?

ಚಿಕ್ಕೋಡಿ ತಾಲೂಕಿನ ಕಬ್ಬೂರದಿಂದ ಓದುಗರೊಬ್ಬರು ಬರೆದ ಪತ್ರ ಈ ವಾರದ ಲೇಖನಕ್ಕೆ ಕಾರಣ. ಅವರ ತೋಟದ ಮನೆಯಲ್ಲಿ ಎರಡು ಎಮ್ಮೆ, ಒಂದು ಜರ್ಸಿ ಆಕಳು, ಮಕ್ಕಳ ಹಟಕ್ಕೆ ತಂದ ಒಂದು ಮುಧೋಳ ನಾಯಿಮರಿ ಇವೆ. ಮರಿಗೆ ಮೈತುರಿಕೆ ಹತ್ತಿತ್ತು. ನಿಪ್ಪಾಣಿಯ ಸಂಬಂಧಿಕರೊಬ್ಬರು ಹೋಮಿಯೋಪಥಿಯ ಸಣ್ಣ ಬಿಳಿ ಗುಳಿಗೆಗಳನ್ನು ತಂದುಕೊಟ್ಟರು. ಮೂರು ವಾರದಲ್ಲಿ ತುರಿಕೆ ಇಳಿಯಿತು. ‘ಮನೆಯ ಎಲ್ಲ ಪ್ರಾಣಿಗಳಿಗೂ ಇನ್ನು ಮೇಲೆ ಇದೇ ಔಷಧ ಸಾಕಲ್ಲವೇ? ಇಂಗ್ಲಿಷ್ ಔಷಧದ ಉಷ್ಣವೂ ಇಲ್ಲ, ಖರ್ಚೂ ಇಲ್ಲ. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಹುಚ್ಚುನಾಯಿ ರೋಗದ ಸೂಜಿಯ ಬದಲಿಗೂ ಈ ಪದ್ಧತಿಯಲ್ಲಿ ಗುಳಿಗೆ ಇದೆಯಂತೆ, ನಿಜವೇ?’ ಎಂದು ಕೇಳಿದ್ದಾರೆ.

ಮೊದಲಿನ ಪ್ರಶ್ನೆ ಒಂದೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಕೊನೆಯ ಪ್ರಶ್ನೆ ಹಾಗಲ್ಲ. ಅದರ ಮೇಲೆ ಆ ಮನೆಯವರೆಲ್ಲರ ಜೀವ ನಿಂತಿದೆ.

ಮನುಷ್ಯರ ವೈದ್ಯನಿಗೆ ದನಕರುಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಅಧಿಕಾರ ನನಗಿಲ್ಲ, ನಿಜ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಆ ವೃತ್ತಿ ನೋಂದಾಯಿತ ಪಶುವೈದ್ಯರದು. ಆದರೆ ಕೊಟ್ಟಿಗೆಯ ರೋಗ ಕೊಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಗಬ್ಬ ತೂರಿದ ಎಮ್ಮೆಯ ಮಾಸವನ್ನು ಬರಿಗೈಯಲ್ಲಿ ತೆಗೆದವರು ತಿಂಗಳ ಮೇಲೆ ಬಿಟ್ಟು ಬಿಟ್ಟು ಬರುವ ಜ್ವರ, ಸಂದುನೋವು ಎಂದು ನಮ್ಮ ದವಾಖಾನೆಗೆ ಬರುತ್ತಾರೆ; ಅದು ಬ್ರುಸೆಲ್ಲೋಸಿಸ್ ಆಗಿರಬಹುದು. ನಾಯಿಯ ಕಜ್ಜಿ ಮಕ್ಕಳ ಮುಂಗೈಗೆ ಬರುತ್ತದೆ. ನಾಯಿಯ ಹೊಟ್ಟೆಯ ಜಂತಿನ ತತ್ತಿ ಅಂಗಳದ ಮಣ್ಣಿನಿಂದ ಕೂಸಿನ ಬಾಯಿಗೆ ಹೋಗುತ್ತದೆ. ಪ್ರಾಣಿಗೆ ನೀವು ಯಾವ ಔಷಧ ಕೊಟ್ಟಿರಿ, ಯಾವುದನ್ನು ಕೊಡದೆ ಬಿಟ್ಟಿರಿ ಎಂಬುದರ ಲೆಕ್ಕ ಕೆಲವೊಮ್ಮೆ ನನ್ನ ಮೇಜಿನ ಮುಂದೆ ಬಂದು ಕೂಡುತ್ತದೆ.

ಆ ಗುಳಿಗೆಯಲ್ಲಿ ಏನಿದೆ?

ಹೋಮಿಯೋಪಥಿಯನ್ನು ಹುಟ್ಟುಹಾಕಿದವನು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್. ಆರೋಗ್ಯವಂತನಲ್ಲಿ ಯಾವ ವಸ್ತು ಯಾವ ಲಕ್ಷಣವನ್ನು ಹುಟ್ಟಿಸುತ್ತದೋ, ಅಂಥದೇ ಲಕ್ಷಣವಿರುವ ರೋಗಿಗೆ ಅದೇ ವಸ್ತು ಔಷಧ ಎಂದು ಆತ 1796ರಲ್ಲಿ ಬರೆದ. ಆ ಕಾಲದ ವೈದ್ಯಕೀಯವೆಂದರೆ ರಕ್ತ ಹರಿಸುವುದು, ಪಾದರಸ ಕುಡಿಸುವುದು. ಅದಕ್ಕೆ ಹೋಲಿಸಿದರೆ ಹಾನಿಮನ್ನನ ಸಿಹಿ ಗುಳಿಗೆ ರೋಗಿಗೆ ವರವೇ ಆಗಿದ್ದಿರಬೇಕು. ಕನಿಷ್ಠ ಪಕ್ಷ ಅದು ಯಾರನ್ನೂ ಕೊಲ್ಲುತ್ತಿರಲಿಲ್ಲ. ಪ್ರಾಣಿಗಳಿಗೆ ಇದನ್ನು ಕೊಡುವುದೂ ಹೊಸ ಫ್ಯಾಶನ್ನೇನಲ್ಲ. ಲೈಪ್‌ಜಿಗ್ ಊರಿನ ಪಶುವೈದ್ಯ ವಿಲ್‌ಹೆಲ್ಮ್ ಲುಕ್ಸ್ 1830ರ ದಶಕದಲ್ಲಿಯೇ ದನಗಳ ಮೇಲೆ ಈ ಪದ್ಧತಿಯನ್ನು ಬಳಸಿ ಪುಸ್ತಕ ಬರೆದಿದ್ದ.

ನಮ್ಮ ನಾಡಿಗೂ ಇದು ಹಳೆಯ ನಂಟು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ಶುರುಮಾಡಿದರು. ಇಂದಿನ ದೊಡ್ಡ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಬೀಜದಿಂದ. ನಮ್ಮ ದೇಶದಲ್ಲಿ ಇದು ಕಾಯ್ದೆಯ ಮನ್ನಣೆ ಪಡೆದ ಪದ್ಧತಿ. ಬೆಳಗಾವಿಯಲ್ಲಿಯೇ ಇದನ್ನು ಕಲಿಸುವ ಕಾಲೇಜುಗಳಿವೆ. ಆದ್ದರಿಂದ ಇದನ್ನು ಓದಿ ಪದವಿ ಪಡೆದವರನ್ನು ಹಗುರಾಗಿ ಮಾತಾಡುವುದು ನನ್ನ ಉದ್ದೇಶವಲ್ಲ. ಪ್ರಶ್ನೆ ಔಷಧದ್ದು.

ಶೀಶೆಯ ಮೇಲೆ ‘30 ಸಿ’, ‘200 ಸಿ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಒಂದು ಹನಿ ಮೂಲದ್ರವ್ಯವನ್ನು 99 ಹನಿ ಮದ್ಯಸಾರ ಅಥವಾ ನೀರಿನಲ್ಲಿ ಬೆರೆಸಿ ಕುಲುಕಿದರೆ 1 ಸಿ. ಅದರ ಒಂದು ಹನಿಯನ್ನು ಮತ್ತೆ 99 ಹನಿಯಲ್ಲಿ ಬೆರೆಸಿದರೆ 2 ಸಿ. ಹೀಗೆ ಮೂವತ್ತು ಸಲ ಮಾಡಿದರೆ 30 ಸಿ. ಹೈಸ್ಕೂಲಿನಲ್ಲಿ ಓದುವ ನಿಮ್ಮ ಮಗನನ್ನು ಕೇಳಿ, ಲೆಕ್ಕ ಹೇಳುತ್ತಾನೆ: 1ರ ಮುಂದೆ 60 ಸೊನ್ನೆ ಇಟ್ಟಷ್ಟು ಪಾಲಿನಲ್ಲಿ ಒಂದು ಪಾಲು. ಸುಮಾರು 12 ಸಿ ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣುವೂ ಉಳಿಯುವ ಸಂಭವವಿಲ್ಲವೆಂದು ರಸಾಯನಶಾಸ್ತ್ರ ಹೇಳುತ್ತದೆ. ಉಳಿಯುವುದು ಸಕ್ಕರೆಯ ಗುಳಿಗೆ, ಮದ್ಯಸಾರದ ವಾಸನೆ. ಹೋಮಿಯೋಪಥಿಯವರು ದ್ರವ್ಯ ಹೋದರೂ ಅದರ ಶಕ್ತಿ ಉಳಿಯುತ್ತದೆ ಎನ್ನುತ್ತಾರೆ. ಹಾಗೆ ಉಳಿಯುತ್ತದೆಂದು ತೋರಿಸಿದ, ಎಲ್ಲರೂ ಮಾಡಿನೋಡಬಹುದಾದ ಪರೀಕ್ಷೆ ಇದುವರೆಗೆ ಬಂದಿಲ್ಲ.

ಇಲ್ಲೊಂದು ಎಚ್ಚರಿಕೆ. ಹೋಮಿಯೋಪಥಿಯ ಎಲ್ಲ ಶೀಶೆಗಳೂ ಹೀಗೆ ಖಾಲಿಯಲ್ಲ. ‘ಮದರ್ ಟಿಂಕ್ಚರ್’ ಎಂಬ ಮೂಲದ್ರಾವಣದಲ್ಲಿ ದ್ರವ್ಯವೂ ಇದೆ, ಮದ್ಯಸಾರವೂ ಇದೆ. ನಕ್ಸ್ ವಾಮಿಕಾ ಎಂದರೆ ನಮ್ಮ ಕಾಸರಕ; ಅಕೋನೈಟ್ ಎಂದರೆ ವತ್ಸನಾಭಿ. ಎರಡೂ ಘೋರ ವಿಷ. ನಾಲ್ಕು ಕಿಲೋ ತೂಕದ ಮರಿಗೆ ಅಂಥ ಶೀಶೆಯಿಂದ ‘ಹತ್ತು ಹನಿ’ ಹಾಕುವುದು ಆಟದ ಮಾತಲ್ಲ.

‘ನಾಯಿಗೆ ಭ್ರಮೆ ಎಲ್ಲಿಯದು?’

ಮನುಷ್ಯನಿಗೆ ಗುಳಿಗೆಯ ಮೇಲಿನ ನಂಬಿಕೆಯಿಂದಲೇ ಗುಣ ಕಂಡೀತು. ಆದರೆ ನಾಯಿಗೆ, ಎಮ್ಮೆಗೆ ತಾನು ಔಷಧ ತಿಂದೆನೆಂಬುದೇ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಹೇಗೆ ಗುಣವಾಯಿತು? ಈ ವಾದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಲು ಗಟ್ಟಿಯಾಗಿಯೇ ಇದೆ.

ಆದರೆ ನಾಯಿ ಬಂದು ‘ನನಗೆ ಆರಾಮಾಯಿತು’ ಎಂದು ಹೇಳುವುದಿಲ್ಲ. ಹೇಳುವವರು ನೀವು. ನಂಬಿಕೆ ಇರುವುದು ನಿಮ್ಮ ಕಣ್ಣಿನಲ್ಲಿ. 2012ರಲ್ಲಿ ಅಮೆರಿಕದ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಪ್ರಕಟವಾಯಿತು. ಸಂದುವಾತದಿಂದ ಕುಂಟುವ ನಾಯಿಗಳಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟರು. ಕೊಟ್ಟದ್ದು ಔಷಧವೋ ಬರೀ ಗುಳಿಗೆಯೋ ಎಂಬುದು ಮಾಲೀಕರಿಗೂ ವೈದ್ಯರಿಗೂ ತಿಳಿಯದು. ಕಾಲಿನ ಮೇಲೆ ನಾಯಿ ಎಷ್ಟು ಭಾರ ಹಾಕುತ್ತದೆಂದು ಯಂತ್ರದ ಹಲಗೆಯ ಮೇಲೆ ನಡೆಸಿ ಅಳೆದರು. ಯಂತ್ರ ‘ವ್ಯತ್ಯಾಸವಿಲ್ಲ’ ಎನ್ನುತ್ತಿದ್ದಾಗಲೂ ಬಹಳಷ್ಟು ಮಾಲೀಕರು ‘ಕುಂಟುವುದು ಕಡಿಮೆಯಾಗಿದೆ’ ಎಂದರು. ಮಾಲೀಕರಷ್ಟೇ ಅಲ್ಲ, ಪರೀಕ್ಷಿಸಿದ ಪಶುವೈದ್ಯರೂ ಹಾಗೆಯೇ ಅಂದರು! ವೈದ್ಯರೂ ಮನುಷ್ಯರೇ.

ಇನ್ನು ಎರಡನೆಯದು ಕಾಲ. ತುರಿಕೆ, ಭೇದಿ, ಕೆಮ್ಮು, ಸಣ್ಣ ಉಳುಕು ಇವೆಲ್ಲ ಏರಿ ಇಳಿಯುವ ರೋಗಗಳು. ಏರಿದಾಗ ನಾವು ಔಷಧಕ್ಕೆ ಓಡುತ್ತೇವೆ. ಆಮೇಲೆ ಅದು ತಾನಾಗಿ ಇಳಿದರೂ ಕೀರ್ತಿ ಔಷಧಕ್ಕೆ ಸಲ್ಲುತ್ತದೆ. ಕಬ್ಬೂರದ ಆ ಮರಿಯ ತುರಿಕೆ ಇಳಿದ ಮೂರು ವಾರಗಳಲ್ಲಿ ಅದರ ಮೈ ತೊಳೆದಿರಬಹುದು, ಹಾಸಿದ ಗೋಣಿಚೀಲ ಬದಲಾಗಿರಬಹುದು, ಉಣ್ಣೆ ಹೆಕ್ಕಿರಬಹುದು. ಪತ್ರದಲ್ಲಿ ಮರಿಗೆ ಸ್ನಾನ ಮಾಡಿಸಿದ ವಿಷಯ ಬರೆದೇ ಇದ್ದಾರೆ.

2022ರ ಚರ್ಮಗಂಟು ರೋಗ ನಿಮಗೆಲ್ಲ ನೆನಪಿರಬೇಕು. ರಾಜ್ಯದಲ್ಲಿ ಸಾವಿರಾರು ದನಗಳು ಸತ್ತವು, ಬೆಳಗಾವಿ ಜಿಲ್ಲೆಗೂ ದೊಡ್ಡ ಪೆಟ್ಟು ಬಿತ್ತು, ದನದ ಸಂತೆಗಳು ನಿಂತವು. ಆಗ ಊರೂರಿಗೆ ಒಂದೊಂದು ಮದ್ದು ಹೊರಟಿತ್ತು: ಗುಳಿಗೆ, ಲೇಪ, ಹೊಗೆ, ಮಂತ್ರಿಸಿದ ನೀರು. ಪ್ರತಿಯೊಂದಕ್ಕೂ ‘ನಮ್ಮ ದನ ಇದರಿಂದಲೇ ಉಳಿಯಿತು’ ಎನ್ನುವವರು ಇದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ರೋಗ ಬಂದ ದನಗಳಲ್ಲಿ ಹೆಚ್ಚಿನವು ಆರೈಕೆ ಸಿಕ್ಕರೆ ಬದುಕಿಕೊಳ್ಳುತ್ತವೆ. ಬದುಕಿದ ದನದ ಮಾಲೀಕ ಮಾತಾಡುತ್ತಾನೆ. ಸತ್ತ ದನದ ಮಾಲೀಕ ಸುಮ್ಮನಿರುತ್ತಾನೆ. ಲೆಕ್ಕ ತಪ್ಪುವುದು ಇಲ್ಲಿಯೇ. ಆಗ ಸರಕಾರ ಹಾಕಿಸಿದ್ದು ಆಡುಗಳ ಸಿಡುಬಿನ ಲಸಿಕೆ. ಆ ವೈರಸ್ಸು ದನದ ವೈರಸ್ಸಿನ ದಾಯಾದಿಯಾದ್ದರಿಂದ ಅದರ ಲಸಿಕೆ ಇದಕ್ಕೂ ರಕ್ಷಣೆ ಕೊಡುತ್ತದೆ.

ಈ ಲೆಕ್ಕದ ತಪ್ಪನ್ನು ತಪ್ಪಿಸಲೆಂದೇ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಬರೀ ಗುಳಿಗೆ ಕೊಟ್ಟು ನೋಡುವ ಪದ್ಧತಿ ಬಂದದ್ದು. ನಾರ್ವೆ ದೇಶದಲ್ಲಿ ಕೆಚ್ಚಲು ಬಾವಿನ ಹಸುಗಳ ಮೇಲೆ ಹೀಗೆ ಮಾಡಿದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಹೋಮಿಯೋಪಥಿ ಪಡೆದ ಹಸುಗಳಲ್ಲೂ ಗುಣ ಕಂಡಿತು, ಬರೀ ಗುಳಿಗೆ ಪಡೆದವುಗಳಲ್ಲೂ ಕಂಡಿತು. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲಿ ತನ್ನ ಸದಸ್ಯರಿಗೆ ಸ್ಪಷ್ಟವಾಗಿ ಹೇಳಿತು: ಆಧಾರವಿರುವ ಚಿಕಿತ್ಸೆಯ ಜೊತೆಗೆ ಬೇಕಾದರೆ ಇರಲಿ, ಅದರ ಬದಲಿಗೆ ಮಾತ್ರ ಬೇಡ.

ನನ್ನ ಮಾತೂ ಇಷ್ಟೇ. ಗುಳಿಗೆ ನಿಮ್ಮ ನಾಯಿಗೆ ಕೇಡು ಮಾಡಲಿಕ್ಕಿಲ್ಲ. ಗುಳಿಗೆಯನ್ನು ನಂಬಿ ಕಳೆದ ದಿನಗಳು ಮಾಡಬಹುದು. ವಾಂತಿ, ರಕ್ತಭೇದಿ ಶುರುವಾದ ಮರಿಗೆ ಪಾರ್ವೋ ಆಗಿದ್ದರೆ ಅದು ಸಾಯುವುದು ಮುಖ್ಯವಾಗಿ ನೀರು ಬತ್ತಿ. ಸಲಾಯಿನ್ ಕೊಡಿಸಿದರೆ ಎಷ್ಟೋ ಮರಿಗಳು ಉಳಿಯುತ್ತವೆ. ಅಲ್ಲಿ ಎರಡು ದಿನ ಎಂದರೆ ಇಡೀ ಆಯುಷ್ಯ. ಕೊರಳು ಬಾತು ಗೊರಗೊರ ಉಸಿರಾಡುವ ಎಮ್ಮೆಗೆ ಗಳಲೆ ರೋಗವಿದ್ದರೆ ಅಲ್ಲಿ ದಿನವಲ್ಲ, ತಾಸುಗಳ ಲೆಕ್ಕ.

ಹುಚ್ಚುನಾಯಿ ರೋಗದ ಗುಳಿಗೆ

ಈಗ ಪತ್ರದ ಕೊನೆಯ ಪ್ರಶ್ನೆಗೆ ಬರೋಣ. ಹೌದು, ಅಂಥ ಗುಳಿಗೆ ಇದೆ. ಲಿಸಿನ್ ಅಥವಾ ಹೈಡ್ರೋಫೋಬಿನಮ್ ಎಂದು ಅದರ ಹೆಸರು. ಹಾನಿಮನ್ನನ ಅನುಯಾಯಿ ಕಾನ್‌ಸ್ಟಂಟೈನ್ ಹೆರಿಂಗ್ ಎಂಬಾತ 1833ರಲ್ಲಿ ಹುಚ್ಚುನಾಯಿಯ ಜೊಲ್ಲಿನಿಂದ ಅದನ್ನು ಮಾಡಿದ. ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ತನ್ನ ಲಸಿಕೆ ಹಾಕಿಸಿದ್ದು 1885ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. ಇದನ್ನು ತೋರಿಸಿ ಕೆಲವರು ‘ಲಸಿಕೆಯ ತತ್ವ ನಮ್ಮದೇ’ ಎನ್ನುವುದುಂಟು. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಮಾತು ಎರಡಕ್ಕೂ ಹೊಂದುವಂತೆ ಕಾಣುತ್ತದೆ. ಆದರೆ ಮುಳ್ಳು ಕೈಯಲ್ಲಿರಬೇಕಲ್ಲ! ಲಸಿಕೆಯಲ್ಲಿ ಕೊಂದ ವೈರಸ್ಸು ಅಳತೆಗೆ ಸಿಗುವಷ್ಟು ಇರುತ್ತದೆ. ಅದನ್ನು ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನೂ ಅಳೆಯಬಹುದು, ಎಷ್ಟಿದ್ದರೆ ಸಾಕೆಂಬ ಅಂಕಿಯೂ ನಿಗದಿಯಾಗಿದೆ. 30 ಸಿ ಗುಳಿಗೆಯಲ್ಲಿ ಜೊಲ್ಲಿನ ಒಂದು ಕಣವೂ ಇಲ್ಲ.

ಬೆಳಗಾವಿಗೆ ಹೋದಾಗ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನವನ್ನು ನೋಡಿರುತ್ತೀರಿ. ಈಗ ಅಲ್ಲಿ ಜನ ಬೆಳಗಿನ ಹೊತ್ತು ವಾಕಿಂಗ್ ಮಾಡುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು, ಆ ಹೆಸರು ಬಂದದ್ದು ಅದರಿಂದ. ಸಿಡುಬು ಇಂದು ಜಗತ್ತಿನಲ್ಲಿಯೇ ಇಲ್ಲ. ಲಸಿಕೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಹುಚ್ಚುನಾಯಿ ಕಡಿತಕ್ಕೆ ಗುಳಿಗೆ, ಸೊಪ್ಪಿನ ರಸ, ಹಣ್ಣಿನಲ್ಲಿಟ್ಟು ನುಂಗಿಸುವ ಔಷಧ ಕೊಡುವವರು ನಮ್ಮ ಗಡಿಭಾಗದ ಎಷ್ಟೋ ಊರುಗಳಲ್ಲಿದ್ದಾರೆ. ‘ನೂರಾರು ಜನರಿಗೆ ಕೊಟ್ಟಿದ್ದೇನೆ, ಒಬ್ಬರಿಗೂ ಏನೂ ಆಗಿಲ್ಲ’ ಎನ್ನುತ್ತಾರೆ. ಅದೂ ಸುಳ್ಳಾಗಿರಬೇಕೆಂದಿಲ್ಲ. ಕಡಿದ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ನಿಜವಾದ ಹುಚ್ಚುನಾಯಿ ಕಡಿದವರಲ್ಲೂ ಎಲ್ಲರಿಗೂ ರೋಗ ಬರುವುದಿಲ್ಲ. ಬಂದರೂ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಅದಕ್ಕಿಂತ ತಡವಾಗಿ ಬರುತ್ತದೆ. ವೈರಸ್ಸು ಗಾಯದಿಂದ ನರದ ಗುಂಟ ಇರುವೆಯಂತೆ ಮೆದುಳಿನ ಕಡೆ ನಡೆಯುತ್ತದೆ. ಅಷ್ಟರಲ್ಲಿ ಕಡಿತವೂ ಮರೆತುಹೋಗಿರುತ್ತದೆ, ಔಷಧ ಕೊಟ್ಟವನಿಗೆ ಸುದ್ದಿಯೂ ಮುಟ್ಟುವುದಿಲ್ಲ. ಏನೂ ಕೊಡದವನಿಗೂ ಹೆಚ್ಚುಕಡಿಮೆ ಇಷ್ಟೇ ಯಶಸ್ಸು ಸಿಗುತ್ತಿತ್ತು. ಆದರೆ ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ, ನೀರು ಕಂಡರೆ ಗಂಟಲು ಹಿಡಿಯತೊಡಗಿತೆಂದರೆ, ಆಮೇಲೆ ಯಾವ ಪದ್ಧತಿಯಲ್ಲೂ ಔಷಧವಿಲ್ಲ. ನನ್ನ ಪದ್ಧತಿಯಲ್ಲಿಯೂ ಇಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನ ಈ ರೋಗದಿಂದ ಸಾಯುತ್ತಾರೆಂದು 2024ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜು.

ಆದ್ದರಿಂದ ಕಬ್ಬೂರದ ಓದುಗರಿಗೆ ನನ್ನ ಉತ್ತರ: ಮರಿಗೆ ಮೂರು ತಿಂಗಳು ತುಂಬುತ್ತಲೇ ಪಶುವೈದ್ಯರಿಂದ ರೇಬೀಸ್ ಲಸಿಕೆ ಹಾಕಿಸಿ, ಅವರು ಹೇಳಿದಂತೆ ವರ್ಷವರ್ಷ ಪುನರಾವರ್ತಿಸಿ. ಅದರ ಬದಲಿಗೆ ಗುಳಿಗೆ ಕೊಡುವುದೆಂದರೆ ನಾಯಿಯ ಜೊತೆ ಆಡುವ ಮಕ್ಕಳನ್ನು ಪಣಕ್ಕಿಟ್ಟಂತೆ. ನಾಯಿಮರಿ ಆಟದಲ್ಲಿಯೇ ಹಲ್ಲೂರುತ್ತದೆ, ನೆಕ್ಕುತ್ತದೆ. ಮನೆಯ ಅಂಗಳದ ನಾಯಿ ಕಬ್ಬಿನ ಪಡದಲ್ಲಿ ಬೀದಿನಾಯಿಗಳ ಜೊತೆ ಜಗಳವಾಡಿ ಬಂದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಅವರ ಅಸಮಾಧಾನದಲ್ಲೂ ಅರ್ಥವಿದೆ

‘ಇಂಗ್ಲಿಷ್ ಔಷಧದ ಉಷ್ಣ’ ಎಂಬ ಮಾತನ್ನು ನಾನು ನಕ್ಕು ಬಿಡುವುದಿಲ್ಲ. ದನಗಳಿಗೆ ಪ್ರತಿಜೈವಿಕ ಔಷಧಗಳನ್ನು ಕಂಡಕಂಡಂತೆ ಚುಚ್ಚುವುದು ನಮ್ಮಲ್ಲಿ ಹೆಚ್ಚಾಗಿದೆ. ಸೂಜಿ ಹಾಕಿಸಿದ ಆಕಳಿನ ಹಾಲನ್ನು ಇಂತಿಷ್ಟು ದಿನ ಡೇರಿಗೆ ಹಾಕಬಾರದೆಂದು ಔಷಧದ ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಪಾಲಿಸುವವರೆಷ್ಟು? ಆ ಹಾಲಿನ ಮೂಲಕ, ಸೆಗಣಿಯ ಮೂಲಕ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿ, ದನಗಳಿಗೆ ಕೊಡುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಸಾದಾ ಔಷಧ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಕುಲವನ್ನೇ ಅಳಿಸುವ ಮಟ್ಟಕ್ಕೆ ತಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಂತಿತು. ಹೀಗಿರುವಾಗ ಜನ ‘ಬೇರೆ ದಾರಿ ಇದೆಯೇ’ ಎಂದು ಹುಡುಕಿದರೆ ತಪ್ಪೇನು?

ಬೇರೆ ದಾರಿಯೆಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನಷ್ಟೇ ಗಮನಿಸಿ. ಕೆಚ್ಚಲು ಬಾವಿಗೆ ಲೋಳಸರ, ಅರಿಸಿನ, ಸುಣ್ಣ ಅರೆದು ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ರೈತರಿಗೆ ಕಲಿಸುತ್ತಿದೆ. ದಿನವೊಂದಕ್ಕೆ ಲೋಳಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ. ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು, ಈ ಮುದ್ದೆಯನ್ನು ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕಲಸಿ ದಿನಕ್ಕೆ ಎಂಟು ಹತ್ತು ಸಲ, ಐದು ದಿನ ಹಚ್ಚಬೇಕು. ಇದು ಹೋಮಿಯೋಪಥಿಯಲ್ಲ. ಇದರಲ್ಲಿ ತೂಗುವ ದ್ರವ್ಯವಿದೆ. ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಹಾಲಿನ ಪರೀಕ್ಷೆಯಿಂದ ನೋಡಬಹುದು. ಆಕಳಿಗೆ ಜ್ವರ ಬಂದು ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ಹಚ್ಚುತ್ತ ಕೂಡದೆ ಪಶುವೈದ್ಯರನ್ನು ಕರೆಯಿರಿ. 1962 ಸಂಖ್ಯೆಗೆ ಫೋನು ಮಾಡಿದರೆ ಸಂಚಾರಿ ಪಶು ಚಿಕಿತ್ಸಾಲಯದ ಗಾಡಿ ಮನೆಯ ಬಾಗಿಲಿಗೇ ಬರುವ ವ್ಯವಸ್ಥೆ ಇದೆ.

‘ಗಿಡಮೂಲಿಕೆಯದು, ಆದ್ದರಿಂದ ಅಪಾಯವಿಲ್ಲ’ ಎಂಬ ಮಾತನ್ನೂ ನಂಬಬೇಡಿ. ನಿಪ್ಪಾಣಿಯ ಸುತ್ತ ತಂಬಾಕಿನ ಚೂರಿಗೆ ಬರವಿಲ್ಲ. ಉಣ್ಣೆ ಸಾಯಲೆಂದು ತಂಬಾಕು ನೆನೆಸಿದ ನೀರನ್ನು ನಾಯಿಗೆ, ಕರುವಿಗೆ ಹಚ್ಚುವವರಿದ್ದಾರೆ. ನಿಕೋಟಿನ್ ಚರ್ಮದ ಮೂಲಕವೇ ಒಳಸೇರುತ್ತದೆ. ನಾಯಿ ಮೈ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಜೊಲ್ಲು, ನಡುಕ, ಸೆಳೆತ ಬಂದು ಸಣ್ಣ ಪ್ರಾಣಿ ಸತ್ತೇಹೋಗಬಹುದು. ಇನ್ನು ನಮ್ಮದೇ ಗುಳಿಗೆಗಳ ಮಾತು: ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗೆಯೂ ಕೊಲ್ಲಬಲ್ಲದು. ಮೈಕೈ ನೋವಿನ ಐಬುಪ್ರೋಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಉಳ್ಳಾಗಡ್ಡಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ಬೇಡ.

ಸಮಗ್ರ ಎಂದರೆ ಏನು?

ಈಚೆಗೆ ಪೇಟೆಗಳಲ್ಲಿ ಸಾಕುಪ್ರಾಣಿಗಳ ‘ಸಮಗ್ರ ಆರೋಗ್ಯ’ ಎಂಬ ಮಾತು ಚಲಾವಣೆಗೆ ಬಂದಿದೆ. ಮಾತು ಒಳ್ಳೆಯದು. ಆದರೆ ಒಂದು ತರಹದ ಗುಳಿಗೆ ಬಿಟ್ಟು ಇನ್ನೊಂದು ತರಹದ ಗುಳಿಗೆ ಹಿಡಿಯುವುದು ಸಮಗ್ರವಾಗುವುದಿಲ್ಲ. ಹೋಮಿಯೋಪಥಿ ವೈದ್ಯರಿಂದ ನಾವು ಕಲಿಯಬೇಕಾದ್ದು ಒಂದಿದೆ: ಅವರು ಅರ್ಧ ತಾಸು ಕುಳಿತು ಕೇಳುತ್ತಾರೆ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವಾಗ ತುರಿಸುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ವಿಚಾರಿಸುತ್ತಾರೆ. ಅರ್ಧ ರೋಗದ ಕಾರಣ ಆ ಉತ್ತರಗಳಲ್ಲಿಯೇ ಸಿಗುತ್ತದೆ. ನಮ್ಮ ಓಪಿಡಿಯಲ್ಲಿ ಅಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ, ಅದು ನಮ್ಮ ಕೊರತೆ.

ಮುಧೋಳ ಮರಿಯನ್ನೇ ತೆಗೆದುಕೊಳ್ಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ತಂದ ಮೇಲೆ, ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವಾದ ಮೇಲೆ ಅದನ್ನು ಸಾಕುವ ಹುಮ್ಮಸ್ಸು ಹೆಚ್ಚಿದೆ. ಅದು ಓಡಲು ಹುಟ್ಟಿದ ನಾಯಿ. ಕಟ್ಟಿಹಾಕಿದರೆ ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡೀತು. ಅದು ಹುಟ್ಟಾ ತೆಳು. ಪಕ್ಕೆಲುಬು ಕಂಡಿತೆಂದು ಟಾನಿಕ್ಕು ಕುಡಿಸಬೇಕಿಲ್ಲ. ದಿನಾ ಬರೀ ರೊಟ್ಟಿ ಹಾಲು ಹಾಕಿದರೆ ಸಾಲದು, ತತ್ತಿಯೋ ಮಾಂಸವೋ ಬೇಕು. ಆದರೆ ಕುರಿ ಕೊಯ್ದ ಜಾಗದ ಹಸಿ ಕರುಳು, ಯಕೃತ್ತು ಹಾಕಬೇಡಿ. ಅದರಲ್ಲಿರುವ ಹೈಡಾಟಿಡ್ ಗುಳ್ಳೆಯಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಅದರ ತತ್ತಿ ನಾಯಿ ಮುಟ್ಟಿದ ಕೈಯಿಂದ ಮಕ್ಕಳ ಬಾಯಿಗೆ ಹೋದರೆ ವರ್ಷಗಳ ಮೇಲೆ ಅವರ ಯಕೃತ್ತಿನಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆಯಾಗಿ ಶಸ್ತ್ರಕ್ರಿಯೆಗೆ ಮಿರಜಿಗೋ ಬೆಳಗಾವಿಗೋ ಓಡಬೇಕಾಗುತ್ತದೆ. ಮರಿಗೆ ಜಂತಿನ ಔಷಧ, ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆ ಆರೆಂಟು ವಾರದಿಂದಲೇ ಶುರುವಾಗಬೇಕು. ಎಮ್ಮೆ ಆಕಳುಗಳ ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ, ಎಲ್ಲಕ್ಕೂ ಕಾಲುಬಾಯಿ ಬೇನೆಯ ಲಸಿಕೆ ಸರಕಾರದಿಂದ ಪುಕ್ಕಟೆ ಇದೆ. ಇಷ್ಟು ಆದ ಮೇಲೆ ಸಂಬಂಧಿಕರ ಸಿಹಿಗುಳಿಗೆಯನ್ನೂ ಕೊಡುತ್ತೇನೆಂದರೆ ನನ್ನ ತಕರಾರಿಲ್ಲ.

ಕಡಿದರೆ

ಲಸಿಕೆ ಹಾಕಿಸಿದ ನಾಯಿಯೇ ಇರಲಿ, ಬೀದಿನಾಯಿಯೇ ಇರಲಿ, ಕಡಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಹದಿನೈದು ನಿಮಿಷ ನೀವು ಅಂದುಕೊಂಡಿದ್ದಕ್ಕಿಂತ ಉದ್ದ. ಸುಣ್ಣ, ಖಾರದಪುಡಿ, ಅರಿಸಿನ, ಎಣ್ಣೆ ಯಾವುದೂ ಬೇಡ. ಹೊಲಿಗೆಯನ್ನೂ ಅವಸರದಿಂದ ಹಾಕಿಸಬಾರದು. ಅಂದೇ ಸರಕಾರಿ ದವಾಖಾನೆಗೆ ಹೋಗಿ. ಹೊಕ್ಕಳ ಸುತ್ತ 14 ಸೂಜಿ ಚುಚ್ಚಿಸಿಕೊಂಡ ಹಿರಿಯರ ಕಥೆ ಕೇಳಿ ಹೆದರಬೇಡಿ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004ಕ್ಕೇ ನಿಂತಿತು. ಈಗಿನದು ತೋಳಿಗೆ, ಚರ್ಮದೊಳಗೆ ಕೊಡುವ ಸಣ್ಣ ಸೂಜಿ: ಮೊದಲ ದಿನ, ನಂತರ 3ನೆಯ, 7ನೆಯ, 28ನೆಯ ದಿನ. ರಕ್ತ ಬಂದ ಗಾಯವಿದ್ದರೆ ಗಾಯದೊಳಗೇ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು, ಕೇಳಿ ಪಡೆಯಿರಿ. ಲಸಿಕೆ ಕೆಲಸ ಶುರುಮಾಡುವವರೆಗಿನ ಒಂದೆರಡು ವಾರ ಕಾಯುವುದು ಅದೇ. ಬಸುರಿಯರಿಗೂ, ಹಾಲೂಡಿಸುವ ತಾಯಂದಿರಿಗೂ, ಕೂಸುಗಳಿಗೂ ಈ ಲಸಿಕೆ ನಡೆಯುತ್ತದೆ. ಪಥ್ಯವಿಲ್ಲ.

ಕಡಿದ ನಾಯಿ ಅಥವಾ ಬೆಕ್ಕು ಸಾಕಿದ್ದಾದರೆ ಅದನ್ನು ಹೊಡೆದು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಿ. ಸೂಜಿಯನ್ನು ಮಾತ್ರ ಆ ಹತ್ತು ದಿನ ಕಾಯಿಸಬೇಡಿ, ಮೊದಲೇ ಶುರುಮಾಡಿ. ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಮುಂದೇನು ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಎಮ್ಮೆ ಆಕಳನ್ನು ಹುಚ್ಚುನಾಯಿ ಕಡಿದರೆ ಅವಕ್ಕೂ ಕಡಿತದ ನಂತರದ ಲಸಿಕೆಯ ಕಂತುಗಳಿವೆ, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ.

ಆ ಎಮ್ಮೆಯ ಹಾಲು ಕುಡಿದವರ ಗತಿ ಏನು ಎಂಬುದು ಹಳ್ಳಿಗಳಲ್ಲಿ ದೊಡ್ಡ ಗದ್ದಲದ ವಿಷಯ. ಮದುವೆಯ ಮಜ್ಜಿಗೆ ಆ ಮನೆಯದಾಗಿದ್ದರೆ ಇಡೀ ಊರೇ ಸೂಜಿಗೆ ಸಾಲುಗಟ್ಟಿ ನಿಲ್ಲುತ್ತದೆ. ನಿಜವಾಗಿ ಕಡಿಸಿಕೊಂಡು ಬಂದವನಿಗೆ ಅಂದು ಲಸಿಕೆ ಉಳಿದಿರುವುದಿಲ್ಲ. ಕಾಸಿದ ಹಾಲಿನಲ್ಲಿ ಈ ವೈರಸ್ಸು ಬದುಕುವುದಿಲ್ಲ. ಕಾಸಿದ ಹಾಲು, ಅದರ ಮೊಸರು, ಮಜ್ಜಿಗೆ, ತುಪ್ಪ ತಿಂದವರಿಗೆ ಸೂಜಿ ಬೇಕಿಲ್ಲ. ಹಸಿ ಹಾಲು ಕುಡಿದವರು, ಹಾಲು ಹಿಂಡುವಾಗ ಕೈಗಾಯಕ್ಕೆ ಜೊಲ್ಲು ತಾಗಿಸಿಕೊಂಡವರು, ಬಾಯಿಯೊಳಗೆ ಕೈಹಾಕಿ ಔಷಧ ಕುಡಿಸಿದವರು ಮಾತ್ರ ತಪ್ಪದೆ ವೈದ್ಯರನ್ನು ಕಾಣಬೇಕು. ಎಮ್ಮೆ ಮೇವು ಬಿಟ್ಟಿತೆಂದರೆ ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಕೈಹಾಕಿ ನೋಡುವ ರೂಢಿ ನಮ್ಮಲ್ಲಿದೆ, ಅದು ಬೇಡ.

ಒಮ್ಮೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ಕಡಿದರೆ ಮೊದಲ ದಿನ ಮತ್ತು 3ನೆಯ ದಿನ, ಎರಡೇ ಸರದಿ ಸಾಕು, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಆದರೆ ಹಿಂದೆ ಪಡೆದದ್ದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ನಾಯಿಯ ಲಸಿಕೆಯ ಪುಸ್ತಕವನ್ನೂ ಅಲ್ಲಿಯೇ ಇಡಿ.